ಡಾಕ್ ತೆಗೆದರೆ ಗಲ್ಲಾದ ಕಂಪ್ಯೂಟರ್ ಚುರುಕಾಗುತ್ತದೆಯೇ?

ಪ್ರಶ್ನೆ: ಮುಂಬಯಿಯ ಮುಲುಂಡಿನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲಿದೆ. ಗಲ್ಲಾದಲ್ಲಿರುವ ಕಂಪ್ಯೂಟರ್ ಹಳೆಯದು: ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲ ಎಂದಾಗ, ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ನಾದಿನಿಯ ಮಗ ಬಂದು ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ ಹಾಕಿಕೊಟ್ಟ. ಹುಡುಗರಿಗೆ ಸುಲಭವಾಗಲಿ ಅಂತ ಕೆಳಗಿನ ಪಟ್ಟಿ ತೆಗೆದು, ಮ್ಯಾಕ್‌ನಲ್ಲಿ ಇರುವಂಥ ಪ್ಲ್ಯಾಂಕ್ ಎಂಬ ಡಾಕ್, ಅಂದರೆ ಐಕಾನ್‌ಗಳ ಸಾಲು, ಕೂರಿಸಿದ್ದಾನೆ. ನೋಡಲು ಚೆಂದ. ಆದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ತೆವಳಲು ಶುರು. ಬಿಲ್ಲಿಂಗ್ ಒತ್ತಿದರೆ ಅದರದ್ದೇ ಇನ್ನೊಂದು ಐಕಾನ್ ಪಕ್ಕದಲ್ಲಿ ಬರುತ್ತದೆ, ಕ್ಯಾಶಿಯರ್ ಹುಡುಗ ತಪ್ಪಿ ಎರಡೆರಡು ಬಿಲ್ಲಿಂಗ್ ತೆರೆಯುತ್ತಾನೆ. ಕಿಟಕಿ ದೊಡ್ಡದು ಮಾಡಿದರೆ ಡಾಕ್ ಮಾಯ. ಡಾಕ್‌ನ ಮೇಲೆ ಒಂದು ಕಪ್ಪು ಗೆರೆ ಸದಾ ಇರುತ್ತದೆ. ರಾತ್ರಿ ಇದೇ ಕಂಪ್ಯೂಟರಿನಲ್ಲಿ ನಾನು ಕನ್ನಡ ಸಂಘದ ಆಮಂತ್ರಣ, ವರದಿ ಟೈಪ್ ಮಾಡುತ್ತೇನೆ. ಕನ್ನಡಕ್ಕೆ ಬದಲಾಯಿಸುವ ಗುರುತೇ ಕಾಣುವುದಿಲ್ಲ, ವಾಲ್ಯೂಮ್ ಗುರುತೂ ಇಲ್ಲ. ಹೋದ ವಾರ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದರೆ, 'ಡಾಕ್ ಅಂದರೆ ಆಟದ ಸಾಮಾನು, ರ‍್ಯಾಮೆಲ್ಲ ಅದೇ ತಿನ್ನುತ್ತದೆ, ಈ ಡಬ್ಬಾ ಬಿಟ್ಟು ಹೊಸದು ತಗೊಳ್ಳಿ' ಎಂದರು. ನಮ್ಮವರು ಡಾಕ್ ಕಿತ್ತುಹಾಕು ಅನ್ನುತ್ತಾರೆ, ನಾದಿನಿಯ ಮಗ ಬೇಡ ಅನ್ನುತ್ತಾನೆ. ಏನು ಮಾಡಲಿ? ಮನೆಯಲ್ಲಿ ಉಬುಂಟು ಇರುವ ಒಂದು ಲ್ಯಾಪ್‌ಟಾಪೂ ಇದೆ, ಅದಕ್ಕೂ ಇದೇ ಡಾಕ್ ಹಾಕಬಹುದೇ? ಇನ್ನೊಂದು ಮಾತು: ಬೆಳಿಗ್ಗೆ ಯೂಟ್ಯೂಬ್‌ನಲ್ಲಿ ಸುಪ್ರಭಾತ, ಆಮೇಲೆ ಆನ್‌ಲೈನ್ ಆರ್ಡರ್‌ಗಳ ಪುಟ, ವಾಟ್ಸ್ಆ್ಯಪ್, ಜಿಎಸ್‌ಟಿ, ಎಲ್ಲವೂ ಇದರಲ್ಲೇ.

ಉತ್ತರ: ನಿಮ್ಮ ಪತ್ರದಲ್ಲಿ ದೂರು ಐದಾರು ಇವೆ, ಕಟಕಟೆಯಲ್ಲಿ ನಿಂತಿರುವುದು ಮಾತ್ರ ಡಾಕ್ ಒಂದೇ. ಅದರ ಪಾಲಿನ ತಪ್ಪು ಒಂದಿಷ್ಟು ಇದೆ. ನಿಮ್ಮನ್ನು ಅತಿ ಹೆಚ್ಚು ಕಾಡುತ್ತಿರುವ ನಿಧಾನಕ್ಕೆ ಮಾತ್ರ ಅದು ಕಾರಣವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಬಾರದಲ್ಲ, ಆದ್ದರಿಂದ ಜ್ವರ ಯಾರಿಗೆ ಅನ್ನುವುದನ್ನೇ ಮೊದಲು ನೋಡೋಣ.

ಡಾಕ್‌ನಲ್ಲಿ ಹತ್ತು ಐಕಾನ್ ಇದ್ದರೆ ಹತ್ತು ಪ್ರೋಗ್ರಾಂ ಓಡುತ್ತಿವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಐಕಾನ್ ಎಂದರೆ ಒಂದು ಚಿತ್ರ ಮತ್ತು 'ಒತ್ತಿದರೆ ಇದನ್ನು ತೆರೆ' ಎಂಬ ಒಂದು ಸಾಲಿನ ಸೂಚನೆ, ಅಷ್ಟೇ. ಪ್ಲ್ಯಾಂಕ್ ವಾಲಾ ಭಾಷೆಯಲ್ಲಿ ಬರೆದ ತೀರ ಚಿಕ್ಕ ಪ್ರೋಗ್ರಾಂ. ಅದಕ್ಕಿಂತ ಮುಂಚೆ ಹೆಸರು ಮಾಡಿದ್ದ ಡಾಕಿ ಎಂಬ ಡಾಕ್ ಮೋನೋ ಎಂಬ ದೊಡ್ಡ ವ್ಯವಸ್ಥೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡುತ್ತಿತ್ತು. ಅದೇ ಬಳಗದವರು ಭಾರ ಇಳಿಸಿ ಮತ್ತೆ ಬರೆದದ್ದು ಪ್ಲ್ಯಾಂಕ್. ಯಾವ ಕಿಟಕಿ ಯಾವ ಪ್ರೋಗ್ರಾಂನದ್ದು ಎಂದು ಹೇಳಿಕೊಡುವ ಬ್ಯಾಮ್ಫ್ ಎಂಬ ಸಹಾಯಕವೊಂದು ಅದರ ಜೊತೆಗೆ ಓಡುತ್ತದೆ. ಎರಡೂ ಸೇರಿ ಕೆಲವು ಹತ್ತು ಎಂಬಿ ನೆನಪು ಹಿಡಿದುಕೊಳ್ಳುತ್ತವೆ. ಬ್ರೌಸರ್‌ನಲ್ಲಿ ತೆರೆದಿಟ್ಟ ಯೂಟ್ಯೂಬ್ ಪುಟ ಒಂದೇ ಇದರ ಹಲವು ಪಟ್ಟು ತಿನ್ನುತ್ತದೆ. ಬೆಳಗಿನ ಸುಪ್ರಭಾತದ ಪುಟವನ್ನು ನಿಮ್ಮ ಹೋಟೆಲಿನಲ್ಲಿ ಯಾರಾದರೂ ಮುಚ್ಚುತ್ತಾರೆಯೇ? ನಾನು ನೋಡಿದ ಗಲ್ಲಾಗಳಲ್ಲಿ ಅದು ರಾತ್ರಿ ಶಟರ್ ಎಳೆಯುವ ತನಕ ಹಿಂದೆ ಎಲ್ಲೋ ಕೂತಿರುತ್ತದೆ, ಅದರ ಮೇಲೆ ಇನ್ನೂ ಎಂಟು ಪುಟ.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷಿಸಿ. ಕಂಪ್ಯೂಟರ್ ತೆವಳುತ್ತಿರುವ ಹೊತ್ತಿಗೇ ಮೆನುವಿನಿಂದ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೇಲೆ ಮೆಮೊರಿ ಮತ್ತು ಸ್ವಾಪ್ ಎಂಬ ಎರಡು ಅಂಕಿ ಕಾಣುತ್ತವೆ. ಪಟ್ಟಿಯನ್ನು ಮೆಮೊರಿಯ ಪ್ರಕಾರ ಜೋಡಿಸಿದರೆ ಮೇಲಿನ ಸಾಲುಗಳೆಲ್ಲ ಬ್ರೌಸರ್‌ನವೇ ಆಗಿರುತ್ತವೆ, ಪ್ಲ್ಯಾಂಕ್ ಹುಡುಕಲು ಕೆಳಗೆ ಇಳಿಯಬೇಕಾಗುತ್ತದೆ. ಈಗ ಕೀಬೋರ್ಡಿನ ಕಂಟ್ರೋಲ್ ಕೀ ಹಿಡಿದು ಡಾಕ್‌ನ ಮೇಲೆ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಕ್ವಿಟ್ ಆರಿಸಿ. ಮೆಮೊರಿ ಅಂಕಿ ಎಷ್ಟು ಇಳಿಯಿತು ನೋಡಿ. ಆಮೇಲೆ ಬ್ರೌಸರ್‌ನಲ್ಲಿ ಬೇಡದ ಪುಟಗಳನ್ನು ಮುಚ್ಚಿ, ಮತ್ತೆ ನೋಡಿ. ಮನೆಯ ಜಗಳ ಅಲ್ಲೇ ಮುಗಿಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಲಿನಕ್ಸ್‌ನಲ್ಲಿ ಖಾಲಿ ರ‍್ಯಾಮ್ ಕಡಿಮೆ ಕಂಡರೆ ಗಾಬರಿಪಡಬೇಕಾಗಿಲ್ಲ. ಒಮ್ಮೆ ಓದಿದ ಕಡತಗಳನ್ನು ಮತ್ತೆ ಬೇಗ ಕೊಡಲೆಂದು ಅದು ಬಿಡುವಿರುವ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ, ಯಾರಾದರೂ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ನೀವು ಕಣ್ಣಿಡಬೇಕಾದದ್ದು ಸ್ವಾಪ್‌ನ ಮೇಲೆ. ರ‍್ಯಾಮ್ ನಿಜವಾಗಿ ಸಾಲದಾದಾಗ ಅದರ ಒಂದಿಷ್ಟು ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ವಾಪಸ್ ಓದುವುದೇ ಸ್ವಾಪ್. ಅದು ಹನ್ನೊಂದು ಗಂಟೆಗೆ ಸೊನ್ನೆಯಿದ್ದು, ಊಟದ ಹೊತ್ತಿಗೆ ಒಂದು ಜಿಬಿ ದಾಟಿದ್ದರೆ ರೋಗ ಅಲ್ಲೇ ಸಿಕ್ಕಿತು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ದತ್ತಾಂಶ ಹುಡುಕಲು ಸುಮಾರು 10 ಮಿಲಿಸೆಕೆಂಡು ಬೇಕು. ಅಂದರೆ ಚದುರಿದ ಓದು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಮಾಡುತ್ತದೆ. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ತುಂಬಿದ ಬ್ರೌಸರ್, ಈ ಮೂರು ಕೂಡಿದ ಕಡೆ ಡಾಕ್ ಇದ್ದರೂ ತೆವಳುತ್ತದೆ, ಇಲ್ಲದಿದ್ದರೂ ತೆವಳುತ್ತದೆ.

ಹೊಸ ಕಂಪ್ಯೂಟರ್ ಬೇಕೇ? ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ನಿಜ. ಅದಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಇರಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಹುಡುಗ ಮಿಂಟ್ ಹಾಕಿದ್ದು ಸರಿಯಾದ ಕೆಲಸವೇ. ಮಿಂಟ್ 22ರ ಸರಣಿಗೆ 2029ರ ತನಕ ಅಪ್‌ಡೇಟ್ ಇದೆ. ಬ್ರೌಸರ್‌ನಲ್ಲಿ ಬಿಲ್ಲು ಮಾಡಲು, ಪ್ರಿಂಟ್ ತೆಗೆಯಲು ಮೂರನೇ ತಲೆಮಾರಿನ ಐ3 ಧಾರಾಳ. ನಾನಾದರೆ ಒಂದು 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮನ್ನು 8 ಜಿಬಿಗೆ ಏರಿಸುತ್ತೇನೆ. ಎರಡಕ್ಕೂ ಸೇರಿ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು ಆಗುತ್ತದೆ. ನಿಮ್ಮದಕ್ಕೆ ಬೇಕಾದ್ದು ಡಿಡಿಆರ್3 ಜಾತಿಯ ರ‍್ಯಾಮ್. ಈಗ ಅದು ಬಹುಪಾಲು ಬಳಸಿದ್ದೇ ಸಿಗುತ್ತದೆ, ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದರೆ ಕೊಡುತ್ತಾರೆ. ಬಳಸಿದ ರ‍್ಯಾಮ್ ತಂದರೆ ಒಂದು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಓಡಿಸಿ. ಕೆಟ್ಟ ರ‍್ಯಾಮ್ ನಿಧಾನವಾಗಿ ನಿಮ್ಮ ಕಡತಗಳನ್ನೇ ಹಾಳು ಮಾಡುತ್ತದೆ, ಮುಂಚೆ ಯಾವ ಸುಳಿವೂ ಕೊಡುವುದಿಲ್ಲ. ಡಿಸ್ಕ್ ಬದಲಿಸುವ ಮುಂಚೆ ಸಂಘದ ಕಡತಗಳು ಪೆನ್‌ಡ್ರೈವಿಗೆ ಹೋಗಿರಲಿ.

ಹೋಟೆಲ್ ಕಂಪ್ಯೂಟರುಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಂಗಡಿಗಳಲ್ಲಿ ಬರೀ ಧೂಳು. ಹೋಟೆಲಿನಲ್ಲಿ ಧೂಳಿಗೆ ಎಣ್ಣೆಯ ಹೊಗೆ ಸೇರಿ ಜಿಡ್ಡಾಗಿ ಫ್ಯಾನಿನ ರೆಕ್ಕೆಗೂ ಅದರ ಕೆಳಗಿನ ಲೋಹದ ಸೀಳುಗಳಿಗೂ ಅಂಟುತ್ತದೆ. ಗಾಳಿ ಆಡದೆ ಪ್ರೊಸೆಸರ್ ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಬೆಳಿಗ್ಗೆ ಚುರುಕು, ದೋಸೆಕಲ್ಲು ಕಾದು ಜನ ತುಂಬಿದ ಮೇಲೆ ಮಂದ ಎನ್ನುವ ಯಂತ್ರಗಳಲ್ಲಿ ಸ್ವಾಪ್‌ನ ಜೊತೆಗೆ ಇದನ್ನೂ ನೋಡುತ್ತೇನೆ. ಡಬ್ಬಾ ತೆರೆಸಿ ಫ್ಯಾನ್ ಶುಚಿ ಮಾಡಿಸಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ. ಇನ್ನು ಮುಂದೆ ಮಳೆಗಾಲದ ಮೊದಲು ವರ್ಷಕ್ಕೊಮ್ಮೆ ಹೀಗೆ ಮಾಡಿಸಿದರೆ ಸಾಕು.

ಇನ್ನು ಡಾಕ್‌ನ ನಿಜವಾದ ತಪ್ಪುಗಳು.

ಕಪ್ಪು ಗೆರೆ ಎಲ್ಲಿಂದ ಬರುತ್ತದೆ ಎಂದರೆ, ಪ್ಲ್ಯಾಂಕ್ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. ಐಕಾನ್ ಉಬ್ಬಲು, ಕುಣಿಯಲು ಜಾಗ ಬೇಕಲ್ಲ, ಅದಕ್ಕೆ ಡಾಕ್‌ನ ಸುತ್ತ ಕಾಣದ ಒಂದು ಪಟ್ಟಿಯನ್ನೂ ಸೇರಿಸಿಯೇ ಅದರ ಕಿಟಕಿ ಇರುತ್ತದೆ. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಎಲ್ಲ ಕಿಟಕಿಗೂ ನೆರಳು ಬಿಡಿಸುವಾಗ ಈ ಕಾಣದ ಪಟ್ಟಿಯ ಅಂಚಿಗೂ ಬಿಡಿಸುತ್ತದೆ. ನಿಮಗೆ ಕಾಣುವುದು ಆ ನೆರಳು. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್ ತೆರೆದು, ಕಂಪೋಸಿಟರ್ ಎಂಬ ಟ್ಯಾಬ್‌ನಲ್ಲಿ 'ಶೋ ಶ್ಯಾಡೋಸ್ ಅಂಡರ್ ಡಾಕ್ ವಿಂಡೋಸ್' ಎಂಬುದರ ಗುರುತು ತೆಗೆಯಿರಿ. ಗೆರೆ ಹೋಗುತ್ತದೆ. ಅಲ್ಲೇ ಮೇಲಿರುವ ಕಂಪೋಸಿಟಿಂಗ್ (ನೆರಳು, ಪಾರದರ್ಶಕತೆ ಬಿಡಿಸುವ ಕೆಲಸ) ಅನ್ನೇ ಪೂರ್ತಿ ಬಂದ್ ಮಾಡಬೇಡಿ. ಡಾಕ್‌ನ ಹಿನ್ನೆಲೆ ಪಾರದರ್ಶಕವಾಗಿ ಕಾಣಲು ಅದು ಬೇಕು, ಬಂದ್ ಮಾಡಿದರೆ ಗೆರೆಯ ಬದಲು ಇಡೀ ಕಪ್ಪು ಪಟ್ಟಿಯೇ ಬಂದು ಕೂರುತ್ತದೆ. 'ಹಳೆಯ ಯಂತ್ರದಲ್ಲಿ ಕಂಪೋಸಿಟರ್ ಬಂದ್ ಮಾಡಿ' ಎಂದು ಸಲಹೆ ಕೊಡುವವರು ಇದನ್ನು ಹೇಳುವುದಿಲ್ಲ. ಪ್ಲ್ಯಾಂಕ್ ತಾನು ಹಗುರವಾದರೂ ಕಂಪೋಸಿಟರನ್ನು ಜೊತೆಗೆ ಕೇಳುತ್ತದೆ ಎಂಬುದು ಅದರ ಲೆಕ್ಕಕ್ಕೆ ಸೇರಬೇಕಾದ ಖರ್ಚು. ನಿಮ್ಮ ಐ3ಯ ಒಳಗಿನ ಗ್ರಾಫಿಕ್ಸ್‌ಗೆ ಆ ಖರ್ಚು ಭಾರವೇನಲ್ಲ.

ಕಿಟಕಿ ದೊಡ್ಡದಾದಾಗ ಡಾಕ್ ಮಾಯವಾಗುವುದು ಕೆಟ್ಟಿದ್ದಕ್ಕಲ್ಲ, ಅದು ಹಾಗೆಯೇ ಹೊಂದಿಸಿ ಬರುತ್ತದೆ. ಕಂಟ್ರೋಲ್ ಹಿಡಿದು ಬಲಗುಂಡಿ ಒತ್ತಿ ಪ್ರಿಫರೆನ್ಸಸ್‌ಗೆ ಹೋಗಿ, ಬಿಹೇವಿಯರ್ ಟ್ಯಾಬ್‌ನಲ್ಲಿ ಹೈಡ್ ಡಾಕ್ ಎಂಬುದನ್ನು ಬಂದ್ ಮಾಡಿಬಿಡಿ. ಆಗ ಡಾಕ್ ಪರದೆಯ ಕೆಳಗೆ ತನ್ನ ಜಾಗವನ್ನು ಕಾಯ್ದಿರಿಸಿಕೊಳ್ಳುತ್ತದೆ, ಬಿಲ್ಲಿಂಗ್ ಕಿಟಕಿ ಅದರ ಮೇಲೆ ಏರುವುದಿಲ್ಲ. ಅದೇ ಕಡೆ ಐಕಾನ್‌ಗಳನ್ನು ಲಾಕ್ ಮಾಡುವ ಆಯ್ಕೆಯೂ ಇದೆ, ಮರೆಯದೆ ಹಾಕಿ. ಹಾಕದಿದ್ದರೆ ಐಕಾನನ್ನು ಹಿಡಿದು ಸ್ವಲ್ಪ ಹೊರಗೆ ಎಳೆದರೆ ಸಾಕು, ಡಾಕ್‌ನಿಂದ ಅದು ಹೋಯಿತು. ಪ್ರೋಗ್ರಾಂ ಅಳಿಯುವುದಿಲ್ಲ ಅನ್ನಿ, ಆದರೆ ಎದುರಿಗೆ ಎಂಟು ಗಿರಾಕಿ ನಿಂತಿರುವಾಗ ಬಿಲ್ಲಿಂಗ್ ಐಕಾನ್ ಕಾಣೆಯಾದರೆ ಹುಡುಗನಿಗೆ ಎರಡೂ ಒಂದೇ.

ಜೋಡಿ ಐಕಾನ್‌ನದ್ದು ಸ್ವಲ್ಪ ಉದ್ದದ ಕತೆ, ಆದರೆ ನಿಮಗೆ ದುಡ್ಡಿನ ನಷ್ಟ ಆಗಬಹುದಾದ್ದು ಇದರಿಂದಲೇ. ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಂಗೂ ಡೆಸ್ಕ್‌ಟಾಪ್ ಫೈಲ್ ಎಂಬ ಪುಟ್ಟ ಕಡತ ಇರುತ್ತದೆ: ಹೆಸರು, ಐಕಾನ್, ತೆರೆಯುವ ಆಜ್ಞೆ. ಡಾಕ್‌ನಲ್ಲಿ ನೀವು ನೆಟ್ಟಿರುವುದು ಇದನ್ನೇ. ಪ್ರೋಗ್ರಾಂ ತೆರೆದುಕೊಂಡಾಗ ಅದರ ಕಿಟಕಿ ತನ್ನದೇ ಒಂದು ಗುರುತಿನ ಹೆಸರನ್ನು ಹೇಳುತ್ತದೆ. ಆ ಗುರುತು ನೆಟ್ಟ ಕಡತದೊಂದಿಗೆ ತಾಳೆಯಾದರೆ ಅದೇ ಐಕಾನ್‌ನ ಕೆಳಗೆ ಒಂದು ಚುಕ್ಕಿ ಬೆಳಗುತ್ತದೆ. ತಾಳೆಯಾಗದಿದ್ದರೆ ಡಾಕ್ ಇದನ್ನು ಬೇರೆ ಯಾವುದೋ ಪ್ರೋಗ್ರಾಂ ಎಂದುಕೊಂಡು ಪಕ್ಕದಲ್ಲಿ ಹೊಸ ಐಕಾನ್ ಇಡುತ್ತದೆ. ನಿಮ್ಮ ಬಿಲ್ಲಿಂಗ್ ಬಹುಶಃ ಬ್ರೌಸರ್‌ನೊಳಗೆ ಓಡುವಂಥದ್ದು. ಬ್ರೌಸರ್ ತಾನು ಬೇರೆ ಕಿಟಕಿಯಾಗಿ ತೆರೆದ ಪುಟಕ್ಕೆ ತನ್ನ ಹೆಸರಿನ ಬದಲು ಇನ್ನೇನೋ ಗುರುತು ಕೊಡುತ್ತದೆ, ಗೊಂದಲ ಅಲ್ಲಿಂದ. ಕ್ಯಾಶಿಯರ್ ಮೊದಲಿನ ಐಕಾನನ್ನೇ ಮತ್ತೆ ಒತ್ತುತ್ತಾನೆ, ಡಾಕ್ ಮತ್ತೊಂದು ಕಿಟಕಿ ತೆರೆಯುತ್ತದೆ, ಒಂದೇ ಟೇಬಲಿನ ಬಿಲ್ಲು ಎರಡು ಕಡೆ ಅರ್ಧರ್ಧ. ಹುಡುಗನನ್ನು ಬೈಯಬೇಡಿ, ಅವನು ಒತ್ತಿದ್ದು ಸರಿಯಾದ ಜಾಗವನ್ನೇ.

ಇದಕ್ಕೆ ಸುಲಭದ ಮದ್ದು ಹೀಗೆ. ಡಾಕ್‌ನಲ್ಲಿರುವ ಬಿಲ್ಲಿಂಗ್ ಐಕಾನನ್ನು ತೆಗೆದುಬಿಡಿ. ಮಿಂಟ್‌ನ ಜೊತೆಗೇ ಬರುವ ವೆಬ್ ಆ್ಯಪ್ಸ್ ಎಂಬ ಸಾಧನದಲ್ಲಿ ಬಿಲ್ಲಿಂಗ್ ಪುಟದ ವಿಳಾಸ ಕೊಟ್ಟು, ಒಂದು ಹೆಸರಿಟ್ಟು ಉಳಿಸಿ. ಅದು ಡೆಸ್ಕ್‌ಟಾಪ್ ಫೈಲ್ ಬರೆಯುವಾಗ ಕಿಟಕಿಯ ಗುರುತನ್ನೂ ಸೇರಿಸಿಯೇ ಬರೆಯುತ್ತದೆ. ಈಗ ಮೆನುವಿನಿಂದ ಅದನ್ನು ತೆರೆಯಿರಿ, ಓಡುತ್ತಿರುವಾಗ ಡಾಕ್‌ನಲ್ಲಿ ಮೂಡುವ ಐಕಾನ್‌ಗೆ ಬಲಗುಂಡಿ ಒತ್ತಿ 'ಕೀಪ್ ಇನ್ ಡಾಕ್' ಎನ್ನಿ. ಓಡುತ್ತಿರುವ ಕಿಟಕಿಯನ್ನೇ ನೆಡುವುದರಿಂದ ತಾಳೆ ತಪ್ಪುವ ಸಂದರ್ಭ ಕಡಿಮೆ. ಹೀಗೆ ಮಾಡಿದ ಮೇಲೂ ಜೋಡಿ ಬಂದರೆ ನಾದಿನಿಯ ಮಗನಿಗೆ ಫೋನ್ ಮಾಡಿ, ಎಕ್ಸ್‌ಪ್ರಾಪ್ ಎಂಬ ಆಜ್ಞೆಯಿಂದ ಕಿಟಕಿಯ ಗುರುತು ಓದಿ ಅದನ್ನು ಡೆಸ್ಕ್‌ಟಾಪ್ ಫೈಲಿನ ಸ್ಟಾರ್ಟಪ್-ಡಬ್ಲ್ಯುಎಂ-ಕ್ಲಾಸ್ ಸಾಲಿನಲ್ಲಿ ಬರೆಯಲು ಹೇಳಿ. ಇಂಜಿನಿಯರಿಂಗ್ ಹುಡುಗನಿಗೆ ಅದು ಐದು ನಿಮಿಷದ ಕೆಲಸ.

ಕನ್ನಡದ ಗುರುತು, ವಾಲ್ಯೂಮ್, ನೆಟ್‌ವರ್ಕ್ ಕಾಣೆಯಾದದ್ದಕ್ಕೆ ಕಾರಣ ಡಾಕ್ ಅಲ್ಲ, ಪಟ್ಟಿ ತೆಗೆದದ್ದು. ಆ ಗುರುತುಗಳು ಕೂರುವ ಜಾಗಕ್ಕೆ ಸಿಸ್ಟಮ್ ಟ್ರೇ ಅನ್ನುತ್ತಾರೆ, ಅದು ಇರುವುದು ಎಕ್ಸ್‌ಎಫ್‌ಸಿಇಯ ಪ್ಯಾನೆಲ್‌ನಲ್ಲಿ, ಅಂದರೆ ಹುಡುಗ ತೆಗೆದ ಆ ಕೆಳಗಿನ ಪಟ್ಟಿಯಲ್ಲಿ. ಪ್ಲ್ಯಾಂಕ್‌ನಲ್ಲಿ ಗಡಿಯಾರ, ಕಸದ ಬುಟ್ಟಿ, ಬ್ಯಾಟರಿಯಂಥ ಪುಟ್ಟ ಡಾಕ್ಲೆಟ್‌ಗಳಿವೆ, ಟ್ರೇ ಇಲ್ಲ. ಪ್ಯಾನೆಲ್ ಹೋದರೆ ಟ್ರೇಯೂ ಹೋಯಿತು, ಅದರಲ್ಲಿದ್ದ, ಟೈಪಿಂಗ್ ಭಾಷೆ ಬದಲಿಸುವ ಐಬಸ್‌ನ ಕನ್ನಡ ಗುರುತೂ ಹೋಯಿತು. ಕೀಬೋರ್ಡಿನ ಶಾರ್ಟ್‌ಕಟ್‌ನಿಂದ ಕನ್ನಡಕ್ಕೆ ಬದಲಾಯಿಸುವುದು ಈಗಲೂ ಆಗುತ್ತದೆ, ಆದರೆ ಯಾವ ಭಾಷೆಯಲ್ಲಿದ್ದೇವೆ ಎಂದು ಗೊತ್ತಾಗುವುದು ಒಂದು ಸಾಲು ತಪ್ಪಾಗಿ ಟೈಪ್ ಮಾಡಿದ ಮೇಲೆ. ಡಾಕ್ ಬಂದಿತೆಂದು ಪ್ಯಾನೆಲ್ ಕಿತ್ತುಹಾಕುವುದು ಬಹಳ ಹುಡುಗರು ಮಾಡುವ ಕೆಲಸ. ಪ್ಲ್ಯಾಂಕ್ ಇಟ್ಟುಕೊಂಡರೂ ಪರದೆಯ ಮೇಲಂಚಿನಲ್ಲಿ ಸಪೂರ ಪ್ಯಾನೆಲ್ ಒಂದು ಇರಲಿ. ಸೆಟ್ಟಿಂಗ್ಸ್‌ನಲ್ಲಿ ಪ್ಯಾನೆಲ್ ತೆರೆಯಿರಿ, ಅದು ಓಡುತ್ತಿಲ್ಲ, ಶುರು ಮಾಡಲೇ ಎಂದು ಕೇಳಿದರೆ ಹೌದು ಎನ್ನಿ.

ಹಾಗಾದರೆ ಡಾಕ್ ಇಡಬೇಕೇ, ತೆಗೆಯಬೇಕೇ? ಗಲ್ಲಾದ ಮಟ್ಟಿಗೆ ನನ್ನ ಅಭಿಪ್ರಾಯ ತೆಗೆಯಿರಿ ಎಂದೇ. ನಿಮ್ಮವರ ಮಾತು ಗೆಲ್ಲುತ್ತದೆ, ಕಾರಣ ಮಾತ್ರ ಅವರು ಹೇಳಿದ್ದಲ್ಲ. ಗಲ್ಲಾಕ್ಕೆ ಬೇಕಾದ್ದು ಯಾರು ಬಂದು ಕೂತರೂ ಅಲುಗದ ಮೂರು ನಾಲ್ಕು ದೊಡ್ಡ ಐಕಾನ್. ಅದನ್ನು ಎಕ್ಸ್‌ಎಫ್‌ಸಿಇಯ ಪ್ಯಾನೆಲೇ ಕೊಡುತ್ತದೆ. ಪ್ಯಾನೆಲನ್ನು ಕೆಳಗಿಟ್ಟು, ಸಾಲಿನ ಎತ್ತರವನ್ನು 56 ಪಿಕ್ಸೆಲ್ ಸುಮಾರಿಗೆ ಏರಿಸಿ, ಬಿಲ್ಲಿಂಗ್, ಆರ್ಡರ್, ವಾಟ್ಸ್ಆ್ಯಪ್‌ಗೆ ಒಂದೊಂದು ಲಾಂಚರ್ ಸೇರಿಸಿ, ಬಲಗಡೆ ಟ್ರೇ ಮತ್ತು ಗಡಿಯಾರ. ಎಳೆದ ಮಾತ್ರಕ್ಕೆ ಲಾಂಚರ್ ಇಲ್ಲಿಂದ ಕಳಚಿ ಬೀಳುವುದಿಲ್ಲ, ಕಂಪೋಸಿಟರ್ ಬೇಕಾಗಿಲ್ಲ, ಟ್ರೇ ಜೊತೆಗೇ ಇದೆ, ಡೆಸ್ಕ್‌ಟಾಪ್ ಬರೆದವರೇ ಅದನ್ನು ನೋಡಿಕೊಳ್ಳುತ್ತಾರೆ. ಚೆಂದ ಸ್ವಲ್ಪ ಕಡಿಮೆ. ಡಾಕ್‌ನ ಹಾಗೆ ತೆರೆದ ಕಿಟಕಿಯೂ ನೆಟ್ಟ ಐಕಾನೂ ಒಂದೇ ಆಗಿರಬೇಕು ಎಂದರೆ ಪ್ಯಾನೆಲ್‌ಗೆ ಡಾಕ್‌ಲೈಕ್ ಎಂಬ ಪ್ಲಗಿನ್ ಇದೆ. ಆದರೆ ಜೋಡಿ ಐಕಾನ್‌ನ ಅದೇ ತಾಳೆ ಸಮಸ್ಯೆ ಅಲ್ಲೂ ತಲೆ ಹಾಕಬಹುದು.

ನಿಮ್ಮ ರಾತ್ರಿಯ ಕೆಲಸಕ್ಕೆ ಪ್ಲ್ಯಾಂಕ್ ಇರಲಿ. ಕಂಪ್ಯೂಟರಿನಲ್ಲಿ ಎರಡು ಯೂಸರ್ ಅಕೌಂಟ್ ಮಾಡಿಸಿ, ಒಂದು ಗಲ್ಲಾಕ್ಕೆ, ಒಂದು ನಿಮಗೆ. ಡಾಕ್, ಪ್ಯಾನೆಲ್, ಕೀಬೋರ್ಡ್ ಎಲ್ಲದರ ಹೊಂದಾಣಿಕೆ ಆಯಾ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲೇ ಇರುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ತಾಗುವುದಿಲ್ಲ. ಸಂಘದ ಲೆಕ್ಕಪತ್ರ ಕ್ಯಾಶಿಯರ್ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಒಂದೇ ನಿಯಮ: ಯೂಸರ್ ಬದಲಿಸುವಾಗ 'ಸ್ವಿಚ್' ಅನ್ನದೆ 'ಲಾಗ್ ಔಟ್' ಅನ್ನಿ. ಇಲ್ಲವಾದರೆ ಗಲ್ಲಾದ ಬ್ರೌಸರ್ ಹಿಂದೆ ಓಡುತ್ತಲೇ ಇದ್ದು, ನಿಮ್ಮ ಪಾಲಿಗೆ ಉಳಿಯುವ ರ‍್ಯಾಮ್ ಅಷ್ಟಕ್ಕಷ್ಟೇ.

ಪ್ಲ್ಯಾಂಕ್‌ನ ನಾಳೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಿಜವಾದ ಅಪಾಯ ಇರುವುದು ಅಲ್ಲಿ. ಅದರ ಮೂಲ ಯೋಜನೆಯಲ್ಲಿ ಕೆಲಸ ಬಹುಮಟ್ಟಿಗೆ ನಿಂತಿದೆ. ಈಗ ಎಲ್ಲರೂ ಬಳಸುತ್ತಿರುವುದು 2019ರಲ್ಲಿ ಬಂದ ಆವೃತ್ತಿ. ವರ್ಷಗಟ್ಟಲೆ ಪ್ಲ್ಯಾಂಕನ್ನೇ ತನ್ನ ಮುಖವಾಗಿ ಇಟ್ಟುಕೊಂಡಿದ್ದ ಎಲಿಮೆಂಟರಿ ಓಎಸ್ ಎಂಬ ಇನ್ನೊಂದು ಲಿನಕ್ಸ್ ಕೂಡ 2024ರ ನವೆಂಬರ್‌ನಲ್ಲಿ ಬಂದ ತನ್ನ 8ನೇ ಆವೃತ್ತಿಯಲ್ಲಿ ಅದನ್ನು ಬಿಟ್ಟು ಹೊಸ ಡಾಕ್ ಬರೆದುಕೊಂಡಿತು. ಕಾರಣ ವೇಲ್ಯಾಂಡ್ ಎಂಬ, ಪರದೆ ನಡೆಸುವ ಹೊಸ ವ್ಯವಸ್ಥೆ. ಲಿನಕ್ಸ್ ಪರದೆಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದ ಎಕ್ಸ್11 ಎಂಬ ಹಳೆಯ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಉಳಿದ ಎಲ್ಲ ಕಿಟಕಿಗಳು ಎಲ್ಲಿವೆ, ಯಾವುವು ಎಂದು ಕೇಳಿ ತಿಳಿಯಬಹುದು. ಡಾಕ್ ಬದುಕಿರುವುದೇ ಆ ಸ್ವಾತಂತ್ರ್ಯದಿಂದ. ಆದರೆ ಅದೇ ಬಾಗಿಲಿನಿಂದ ಒಂದು ಕೆಟ್ಟ ಪ್ರೋಗ್ರಾಂ ನೀವು ಪಾಸ್‌ವರ್ಡ್ ಒತ್ತುವುದನ್ನೂ ನೋಡಬಹುದು. ವೇಲ್ಯಾಂಡ್ ಆ ಬಾಗಿಲು ಮುಚ್ಚಿತು. ಅಲ್ಲಿ ಡಾಕ್ ಕೆಲಸ ಮಾಡಬೇಕಾದರೆ ಡೆಸ್ಕ್‌ಟಾಪ್ ಅದಕ್ಕೆಂದೇ ಪ್ರತ್ಯೇಕ ಅನುಮತಿಯ ದಾರಿ ಕೊಡಬೇಕು. ಕೆಲವು ಡೆಸ್ಕ್‌ಟಾಪ್‌ಗಳು ಕೊಟ್ಟಿವೆ, ಉಬುಂಟುವಿನಲ್ಲಿರುವ ಗ್ನೋಮ್ ಎಂಬ ಡೆಸ್ಕ್‌ಟಾಪ್ ಕೊಟ್ಟಿಲ್ಲ. ಪ್ಲ್ಯಾಂಕ್ ಎಕ್ಸ್11ಕ್ಕೆಂದೇ ಬರೆದದ್ದು.

ನಿಮಗೆ ಇದರಿಂದ ಇವತ್ತೇ ತೊಂದರೆಯಿಲ್ಲ. ನಿಮ್ಮ ಮಿಂಟ್ ಎಕ್ಸ್‌ಎಫ್‌ಸಿಇ ಎಕ್ಸ್11ರ ಮೇಲೇ ಓಡುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20 ವೇಲ್ಯಾಂಡಿಗೆ ಮೊದಲ ಹೆಜ್ಜೆ ಇಟ್ಟಿದೆ, ಅದಿನ್ನೂ ಪ್ರಯೋಗದ ಹಂತ. ಈ ಯಂತ್ರ ಸವೆಯುವ ತನಕ ಪ್ಲ್ಯಾಂಕ್ ನಡೆದೀತು. ಪ್ಲ್ಯಾಂಕ್ ರೀಲೋಡೆಡ್ ಎಂಬ ಕವಲೊಂದು ಹುಟ್ಟಿದೆ, ಹಳೆಯ ದೋಷಗಳನ್ನು ಅಲ್ಲಿ ತಿದ್ದುತ್ತಿದ್ದಾರೆ. ಅದೂ ಎಕ್ಸ್11ಕ್ಕೇ. ಮಿಂಟ್‌ನ ಸ್ವಂತ ಭಂಡಾರದ ಹೊರಗಿನಿಂದ ತಂದು ಹಾಕುವ ಯಾವ ಪ್ರೋಗ್ರಾಂ ಆದರೂ ಅದನ್ನು ಕಾಯುವವರು ಬೆರಳೆಣಿಕೆಯ ಜನ ಎಂಬುದು ನೆನಪಿರಲಿ. ನಿಮ್ಮ ಅಕೌಂಟಿನಲ್ಲಿ ಬೇಕಾದರೆ ನೋಡಿ, ಬಿಲ್ಲು ಮಾಡುವ ಅಕೌಂಟಿನಲ್ಲಿ ಬೇಡ. ಹುಡುಗ ಕೈರೋ-ಡಾಕ್ ಹಾಕೋಣ ಎಂದಾನು. ಅದರಲ್ಲಿ ಟ್ರೇಯೂ ಇದೆ, ಬೇಕಾದಷ್ಟು ಅಲಂಕಾರವೂ ಇದೆ, ಒಂದು ಐಕಾನ್ ಸರಿಪಡಿಸಲು ಹೋಗಿ ಅರ್ಧ ರಾತ್ರಿ ಕಳೆಯುವಷ್ಟು ಆಯ್ಕೆಗಳೂ ಇವೆ. ಹಗುರ ಬೇಕು ಎನ್ನುವವರ ದಾರಿ ಅದಲ್ಲ. ಅಂದಹಾಗೆ, 'ಮ್ಯಾಕ್‌ನ ನಕಲು' ಎಂದು ಯಾರಾದರೂ ಹುಡುಗನನ್ನು ಛೇಡಿಸಿದರೆ, ಡಾಕ್ ಮೊದಲು ಹೆಸರಾದದ್ದು 1989ರ ನೆಕ್ಸ್ಟ್‌ಸ್ಟೆಪ್‌ನಲ್ಲಿ ಎನ್ನಲಿ. ಆ ಕಂಪನಿಯನ್ನು ಆಪಲ್ ಕೊಂಡ ಮೇಲೆ, 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್‌ನೊಂದಿಗೆ ಅದು ಮನೆಮನೆಗೆ ಹೋಯಿತು. ಅಷ್ಟರಲ್ಲಿ ಲಿನಕ್ಸ್‌ನವರು ವಿಂಡೋ ಮೇಕರ್ ಎಂಬ ವಿಂಡೋ ಮ್ಯಾನೇಜರ್‌ನಲ್ಲಿ ಡಾಕ್ ಬಳಸುತ್ತಲೇ ಇದ್ದರು.

ಉಬುಂಟು ಲ್ಯಾಪ್‌ಟಾಪಿಗೆ ಪ್ಲ್ಯಾಂಕ್ ಹಾಕಬೇಡಿ. ಅಲ್ಲಿರುವುದು ಗ್ನೋಮ್, ಅದೂ ವೇಲ್ಯಾಂಡ್ ಮೇಲೆ. 24.04 ಆವೃತ್ತಿಯಾದರೆ ಲಾಗಿನ್ ಪರದೆಯ ಚಕ್ರದ ಗುರುತು ಒತ್ತಿ 'ಉಬುಂಟು ಆನ್ ಕ್ಸಾರ್ಗ್' (ಅಂದರೆ ಅದೇ ಎಕ್ಸ್11) ಆರಿಸಿ ಓಡಿಸಬಹುದು, ಆದರೆ ಉಬುಂಟುವಿನದೇ ಡಾಕ್ ಅಲ್ಲಿ ಆಗಲೇ ಕೂತಿರುತ್ತದೆ, ಎರಡು ಡಾಕ್ ಇಟ್ಟುಕೊಂಡು ಏನು ಮಾಡುತ್ತೀರಿ? 25.10ರಿಂದ ಆ ಆಯ್ಕೆಯೂ ಇಲ್ಲ. ಇರುವ ಡಾಕನ್ನೇ ತಿದ್ದಿಕೊಳ್ಳಿ: ಸೆಟ್ಟಿಂಗ್ಸ್‌ನಲ್ಲಿ ಉಬುಂಟು ಡೆಸ್ಕ್‌ಟಾಪ್ ತೆರೆದು, ಡಾಕ್‌ನ ಸ್ಥಾನ ಕೆಳಗೆ ಎಂದು ಮಾಡಿ, ಪ್ಯಾನೆಲ್ ಮೋಡ್ ಬಂದ್ ಮಾಡಿದರೆ ಅದು ಅಂಚಿನಿಂದ ಅಂಚಿಗೆ ಚಾಚುವುದು ಬಿಟ್ಟು ನಡುವೆ ಬಂದು ಕೂರುತ್ತದೆ. ಐಕಾನ್ ಗಾತ್ರ ಬದಲಿಸುವುದೂ ಅಲ್ಲೇ.